ಕೋಚ್ ಆರಿಸುವವರ ಕೆಲಸ

ಕೇಳುಗರೆಲ್ಲರಿಗೂ ನಮಸ್ಕಾರ.

ಮಾರ್ಚ್ ಬಂತೆಂದರೆ ಅಮೆರಿಕದಲ್ಲಿ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಹಬ್ಬ. 68 ತಂಡಗಳ ಪಂದ್ಯಾವಳಿ, ಒಮ್ಮೆ ಸೋತರೆ ಮುಗಿಯಿತು. ಟಿವಿಯಲ್ಲಿ ಆ ಆಟ ನಡೆಯುತ್ತಿರುವಾಗಲೇ ತೆರೆಯ ಹಿಂದೆ ಇನ್ನೊಂದು ಓಡಾಟ ಶುರುವಾಗಿರುತ್ತದೆ. ಸೋತ ಕೋಚ್‌ಗಳನ್ನು ಮನೆಗೆ ಕಳಿಸುವುದು, ಹೊಸಬರನ್ನು ಹುಡುಕುವುದು. ಫೋನಿನ ಮೇಲೆ ಫೋನು, ಗುಟ್ಟಿನ ಭೇಟಿಗಳು, ಪತ್ರಿಕೆಗಳಲ್ಲಿ ದಿನಕ್ಕೊಂದು ಹೆಸರು. ಇವತ್ತು ನಾನು ಮಾತಾಡಬೇಕೆಂದಿರುವುದು ಈ ಹುಡುಕಾಟದ ಬಗ್ಗೆ.

ನಮ್ಮ ಬಹಳಷ್ಟು ಕಾಲೇಜುಗಳಲ್ಲಿ ತಂಡ ಕಟ್ಟುವುದು ಪಿ.ಟಿ. ಮೇಷ್ಟ್ರ ಕೆಲಸ. ಅವರು ಬದಲಾದರೆ ಊರಿಗೆ ಗೊತ್ತೂ ಆಗುವುದಿಲ್ಲ. ಅಲ್ಲಿ ಹಾಗಲ್ಲ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರಿ ಸಂಬಳದಲ್ಲಿ ಎಲ್ಲರಿಗಿಂತ ಜಾಸ್ತಿ ಪಡೆಯುವವರು ಗವರ್ನರ್ ಅಲ್ಲ, ಯಾವುದೋ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಥವಾ ಬ್ಯಾಸ್ಕೆಟ್‌ಬಾಲ್ ಕೋಚ್. ಅವರನ್ನು ಆರಿಸುವ ಹೊಣೆ ಅಥ್ಲೆಟಿಕ್ ಡೈರೆಕ್ಟರ್ ಎಂಬ ಅಧಿಕಾರಿಯ ಹೆಗಲ ಮೇಲೆ. ಅವರ ಸುತ್ತ ಹಳೆಯ ವಿದ್ಯಾರ್ಥಿಗಳು, ದೇಣಿಗೆ ಕೊಡುವವರು, ವಿದ್ಯಾರ್ಥಿಗಳು, ಪತ್ರಕರ್ತರು. ಎಲ್ಲರ ಬಾಯಲ್ಲೂ ಒಂದೊಂದು ಹೆಸರು.

ಕೋಚ್ ಆಯ್ಕೆ ಎಂದರೆ ಹೆಸರು ಪ್ರಕಟಿಸುವ ಆ ಒಂದು ದಿನ ಎಂದು ಜನ ತಿಳಿಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆರಿಸಿದವರ ನಿಜವಾದ ಕೆಲಸ ಅದಾದ ಮೇಲೆ, ಎರಡನೇ ವರ್ಷ, ಮೂರನೇ ವರ್ಷ ಶುರುವಾಗುತ್ತದೆ. ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ನಡೆದದ್ದನ್ನು ಹೇಳಿದರೆ ನನ್ನ ಮಾತು ಸ್ಪಷ್ಟವಾಗುತ್ತದೆ.

1980ರ ಮಾರ್ಚ್. ಉತ್ತರ ಕ್ಯಾರೊಲೈನಾದ ಡರ್ಹಮ್ ನಗರದಲ್ಲಿರುವ ಡ್ಯೂಕ್‌ಗೆ ಹೊಸ ಕೋಚ್ ಬೇಕಾಗಿತ್ತು. ಇದ್ದ ಕೋಚ್ ಬಿಲ್ ಫಾಸ್ಟರ್ ದಕ್ಷಿಣ ಕ್ಯಾರೊಲೈನಾಕ್ಕೆ ಹೊರಟಿದ್ದರು. ಎರಡು ವರ್ಷದ ಹಿಂದಷ್ಟೇ ತಂಡ ಫೈನಲ್ ಆಡಿತ್ತು, ಹಾಗಾಗಿ ಜನರ ಆಸೆ ದೊಡ್ಡದಿತ್ತು. ಅಥ್ಲೆಟಿಕ್ ಡೈರೆಕ್ಟರ್ ಟಾಮ್ ಬಟರ್ಸ್ ಮುಂದೆ ಬಂದವರಲ್ಲಿ ಒಬ್ಬರು ಮೈಕ್ ಶಶೆಫ್ಸ್ಕಿ. ವಯಸ್ಸು 33. ಆರ್ಮಿ ತಂಡದ, ಅಂದರೆ ಅಮೆರಿಕದ ಸೇನಾ ಅಕಾಡೆಮಿಯ ತಂಡದ ಕೋಚ್. ಆ ವರ್ಷ ಅವರ ತಂಡ ಗೆದ್ದದ್ದು 9, ಸೋತದ್ದು 17.

ಇಂಥ ಲೆಕ್ಕ ಇಟ್ಟುಕೊಂಡು ಬಂದವರನ್ನು ಯಾರು ತಗೊಳ್ತಾರೆ, ಹೇಳಿ? ಬಟರ್ಸ್‌ಗೂ ಅದೇ ಅಳುಕು. ಮನುಷ್ಯ ಹಿಡಿಸಿದ್ದರು, ಮಾತು ಹಿಡಿಸಿತ್ತು, ಆದರೆ ಈ 9 ಗೆಲುವನ್ನು ಊರಿಗೆ ಹೇಗೆ ಒಪ್ಪಿಸುವುದು? ಕೊನೆಯ ಸಂದರ್ಶನ ಮುಗಿಸಿ ಶಶೆಫ್ಸ್ಕಿ ವಿಮಾನ ನಿಲ್ದಾಣಕ್ಕೆ ಹೊರಟೂ ಆಗಿತ್ತು. ಆಗ ಬಟರ್ಸ್ ಮನಸ್ಸು ಗಟ್ಟಿ ಮಾಡಿದರು. ತಮ್ಮ ಸಹೋದ್ಯೋಗಿ ಸ್ಟೀವ್ ವಾಸೆಂಡಾಕ್ ಅವರನ್ನು ಅಟ್ಟಿ, ನಿಲ್ದಾಣದಿಂದಲೇ ಅವರನ್ನು ವಾಪಸ್ ಕರೆಸಿ ಕೆಲಸ ಕೊಟ್ಟರು. ಮರುದಿನದ ವಿದ್ಯಾರ್ಥಿ ಪತ್ರಿಕೆ ಆ ಉದ್ದದ ಹೆಸರನ್ನು ಹಾಕಿ, ಇದು ಅಚ್ಚಿನ ತಪ್ಪಲ್ಲ ಎಂದು ತಲೆಬರಹ ಕೊಟ್ಟಿತು.

ಮೊದಲ ವರ್ಷ 17 ಗೆಲುವು, 13 ಸೋಲು. ಪರವಾಗಿಲ್ಲ. ಎರಡನೇ ವರ್ಷ 10 ಗೆಲುವು, 17 ಸೋಲು. ಮೂರನೇ ವರ್ಷ 11, 17. ಆ ಮೂರನೇ ವರ್ಷ ಸ್ವಂತ ಅಂಗಳದಲ್ಲೇ ವ್ಯಾಗ್ನರ್ ಎಂಬ ಸಣ್ಣ ಕಾಲೇಜಿನ ಎದುರು ಸೋತರು. ಋತುವಿನ ಕೊನೆಯ ಪಂದ್ಯದಲ್ಲಿ ವರ್ಜೀನಿಯಾ ತಂಡ 109-66ರಿಂದ ಬಡಿದುಹಾಕಿತು. ಅದೇ ಹೊತ್ತಿಗೆ ಅಕ್ಕಪಕ್ಕದವರು ಏನು ಮಾಡುತ್ತಿದ್ದರು? 1982ರಲ್ಲಿ ಪಕ್ಕದ ಚಾಪೆಲ್ ಹಿಲ್‌ನ ಉತ್ತರ ಕ್ಯಾರೊಲೈನಾ ವಿಶ್ವವಿದ್ಯಾಲಯ ರಾಷ್ಟ್ರೀಯ ಚಾಂಪಿಯನ್. 1983ರಲ್ಲಿ ಇನ್ನೊಂದು ಪಕ್ಕದ ರ‍್ಯಾಲಿಯ ಎನ್.ಸಿ. ಸ್ಟೇಟ್ ವಿಶ್ವವಿದ್ಯಾಲಯ ಚಾಂಪಿಯನ್. ಈ ಮೂರೂ ಊರು ಒಂದಕ್ಕೊಂದು ಅಂಟಿಕೊಂಡಂತೆ ಇವೆ. ಇವತ್ತು ನಮ್ಮ ಕನ್ನಡದ ಕುಟುಂಬಗಳೂ ಬೇಕಾದಷ್ಟು ನೆಲೆಸಿರುವ ಕಡೆ. ಆಫೀಸಿನಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ, ಎಲ್ಲಿ ಹೋದರೂ ಗೆದ್ದ ತಂಡದವರು ಎದುರಾಗುತ್ತಾರೆ. ಡ್ಯೂಕ್‌ನವರಿಗೆ ತಲೆ ಎತ್ತಿ ಓಡಾಡುವುದೇ ಕಷ್ಟವಾಗಿತ್ತು.

ಹಣ ಕೊಡುವ ದೊಡ್ಡವರು ಒಟ್ಟಾಗಿ ಈ ಕೋಚ್ ಬೇಡವೇ ಬೇಡ ಎಂದರು. ಬಟರ್ಸ್ ಮೇಲೆ ಒತ್ತಡ ಬಿತ್ತು. 1984ರ ಜನವರಿಯಲ್ಲಿ, ಋತುವಿನ ನಡುವೆಯೇ, ಬಟರ್ಸ್ ಕೋಚ್‌ನ ಒಪ್ಪಂದವನ್ನು ಮುಂದುವರಿಸಿಬಿಟ್ಟರು. ತೆಗೆಯಿರಿ ಎಂದವರಿಗೆ ಅದೇ ಉತ್ತರ.

ಇದನ್ನು ಕುರುಡು ನಂಬಿಕೆ ಅಂತ ಅಂದುಕೊಳ್ಳಬೇಡಿ. ಬಟರ್ಸ್ ಕಣ್ಣಿಗೆ ಕಾಣುತ್ತಿದ್ದದ್ದು ಅಂಕಪಟ್ಟಿಯಲ್ಲಿ ಇರಲಿಲ್ಲ. 1982ರಲ್ಲಿ ಶಶೆಫ್ಸ್ಕಿ ಜಾನಿ ಡಾಕಿನ್ಸ್, ಮಾರ್ಕ್ ಅಲಾರಿ, ಜೇ ಬಿಲಾಸ್, ಡೇವಿಡ್ ಹೆಂಡರ್ಸನ್ ಎಂಬ ಹುಡುಗರನ್ನು ಕರೆತಂದಿದ್ದರು. 1983ರಲ್ಲಿ ಸೋತದ್ದು ಮೊದಲ ವರ್ಷದ ಆ ಹುಡುಗರೇ. ಅವರೇ 1986ರಲ್ಲಿ 37 ಪಂದ್ಯ ಗೆದ್ದು ಫೈನಲ್‌ವರೆಗೆ ಹೋದರು. ಆಮೇಲಿನದು ಎಲ್ಲರಿಗೂ ಗೊತ್ತು. 1991, 1992, 2001, 2010, 2015, ಹೀಗೆ ಐದು ರಾಷ್ಟ್ರೀಯ ಪ್ರಶಸ್ತಿ. 2022ರಲ್ಲಿ ನಿವೃತ್ತರಾಗುವಾಗ ಆರ್ಮಿಯದೂ ಸೇರಿ ಒಟ್ಟು 1,202 ಗೆಲುವು. 1983ರಲ್ಲೇ ಕಳಿಸಿದ್ದರೆ ಇದ್ಯಾವುದೂ ಆಗುತ್ತಿರಲಿಲ್ಲ.

ವಾಷಿಂಗ್ಟನ್‌ನ ಜಾರ್ಜ್‌ಟೌನ್ ವಿಶ್ವವಿದ್ಯಾಲಯದಲ್ಲಿ ನಡೆದದ್ದು ಇದಕ್ಕಿಂತ ಧೈರ್ಯದ ಆಯ್ಕೆ ಎಂದು ನನಗನ್ನಿಸುತ್ತದೆ. ಅದರ ಕಥೆ ಡ್ಯೂಕ್‌ನಷ್ಟು ಜನರಿಗೆ ಗೊತ್ತಿಲ್ಲದಿರುವುದು ನನಗೆ ಬೇಸರದ ಸಂಗತಿ. 1971-72ರಲ್ಲಿ ಆ ತಂಡ ಬರೀ 3 ಪಂದ್ಯ ಗೆದ್ದು 23 ಸೋತಿತ್ತು. ಅವರು ಹೊಸ ಕೋಚ್‌ನನ್ನು ತಂದದ್ದು ಅದೇ ಊರಿನ ಸೇಂಟ್ ಆಂಥನಿ ಎಂಬ ಹೈಸ್ಕೂಲಿನಿಂದ. ಜಾನ್ ಥಾಂಪ್ಸನ್, ಕಪ್ಪು ಜನಾಂಗದವರು. ಆಗಿನ ಕಾಲಕ್ಕೆ ಬಿಳಿಯರೇ ತುಂಬಿದ್ದ ದೊಡ್ಡ ವಿಶ್ವವಿದ್ಯಾಲಯವೊಂದು ಹೈಸ್ಕೂಲಿನ ಕೋಚ್ ಒಬ್ಬರಿಗೆ ತನ್ನ ತಂಡ ಒಪ್ಪಿಸಿತು. ಥಾಂಪ್ಸನ್ ಬರುವಾಗ ಮೇರಿ ಫೆನ್ಲನ್ ಎಂಬ ಶಿಕ್ಷಕಿಯನ್ನೂ ಜೊತೆಗೆ ಕರೆತಂದರು. ಹುಡುಗರ ಓದು ನೋಡಿಕೊಳ್ಳುವುದು ಆಕೆಯ ಕೆಲಸ. ಪಂದ್ಯದ ದಿನ ಆಕೆ ತಂಡದ ಬೆಂಚಿನಲ್ಲೇ ಕೂರುತ್ತಿದ್ದರು. ಥಾಂಪ್ಸನ್ ಆಫೀಸಿನಲ್ಲಿ ಗಾಳಿ ಹೋದ ಬಾಸ್ಕೆಟ್‌ಬಾಲ್ ಒಂದನ್ನು ಇಟ್ಟಿದ್ದರು. ಚೆಂಡಿನ ಗಾಳಿ ಹೋದ ಮೇಲೆ ನಿನ್ನ ಕೈಯಲ್ಲಿ ಏನು ಉಳಿದಿರುತ್ತೆ ಅಂತ ಹುಡುಗರನ್ನು ಕೇಳುವುದಕ್ಕೆ.

ಮೂರನೇ ವರ್ಷ ಸಾಲುಸಾಲು ಸೋಲು ಬಂತು. ಒಂದು ಪಂದ್ಯದ ಹೊತ್ತಿಗೆ ಯಾರೋ ಕಿಟಕಿಯಿಂದ ಬಟ್ಟೆಯ ಬ್ಯಾನರ್ ಇಳಿಬಿಟ್ಟರು. ಅವರ ಬಣ್ಣವನ್ನು ಹೀಯಾಳಿಸಿ, ಈತ ಹೋಗಬೇಕು ಎಂದು ಬರೆದಿದ್ದರು. ವಿಶ್ವವಿದ್ಯಾಲಯ ಅವರ ಕೈಬಿಡಲಿಲ್ಲ. ಅದೇ ಋತುವಿನಲ್ಲಿ ತಂಡ ರಾಷ್ಟ್ರೀಯ ಪಂದ್ಯಾವಳಿ ಸೇರಿತು. 1984ರಲ್ಲಿ ಚಾಂಪಿಯನ್ ಆಯಿತು. ಆ ಪ್ರಶಸ್ತಿ ಗೆದ್ದ ಮೊದಲ ಕಪ್ಪು ಕೋಚ್ ಥಾಂಪ್ಸನ್.

ಹಾಗಾದರೆ ಆರಿಸುವಾಗ ಏನು ನೋಡಬೇಕು? ಹೆಸರೇ? ಗೆಲುವಿನ ಲೆಕ್ಕವೇ? ನನ್ನನ್ನು ಕೇಳಿದರೆ, ಆ ವ್ಯಕ್ತಿ ಕಲಿಸುವುದನ್ನು ನೋಡಬೇಕು. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ತಂಡದ ಜಾನ್ ವುಡನ್ ಅವರನ್ನೇ ತೆಗೆದುಕೊಳ್ಳಿ. 1964ರಿಂದ 1975ರವರೆಗಿನ 12 ವರ್ಷದಲ್ಲಿ 10 ರಾಷ್ಟ್ರೀಯ ಪ್ರಶಸ್ತಿ ಗೆದ್ದವರು. ಪ್ರತಿ ವರ್ಷದ ಮೊದಲ ಅಭ್ಯಾಸದ ದಿನ ಅವರು ಹುಡುಗರಿಗೆ ಕಲಿಸುತ್ತಿದ್ದದ್ದು ಕಾಲುಚೀಲ ಹಾಕಿಕೊಳ್ಳುವುದನ್ನು. ಬೆರಳಿನ ಹತ್ತಿರ, ಹಿಮ್ಮಡಿಯ ಹತ್ತಿರ ಒಂದು ಸುಕ್ಕೂ ಇರಬಾರದು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಅಭ್ಯಾಸ ತಪ್ಪುತ್ತದೆ. ದೇಶದ ಅತ್ಯುತ್ತಮ ಆಟಗಾರರು ಬರಿಗಾಲಲ್ಲಿ ಕೂತು ಕೈಯಿಂದ ಕಾಲುಚೀಲ ನೀವುತ್ತಿದ್ದರು.

ಅವರ ಕೊನೆಯ ಋತುವಿನಲ್ಲಿ ಇಬ್ಬರು ಮನಶ್ಶಾಸ್ತ್ರಜ್ಞರು, ರೋಲಂಡ್ ಥಾರ್ಪ್ ಮತ್ತು ರೊನಾಲ್ಡ್ ಗ್ಯಾಲಿಮೋರ್, ಅಭ್ಯಾಸದ ಹೊತ್ತಲ್ಲಿ ಪಕ್ಕದಲ್ಲಿ ಕೂತು ವುಡನ್ ಹೇಳಿದ್ದನ್ನೆಲ್ಲ ಗುರುತು ಹಾಕಿಕೊಂಡರು. ಎರಡು ಸಾವಿರಕ್ಕೂ ಜಾಸ್ತಿ ಗುರುತುಗಳು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ಹೀಗೆ ಮಾಡು, ಹೀಗೆ ನಿಲ್ಲು, ಚೆಂಡು ಹೀಗೆ ಕೊಡು ಎಂಬ ಸೂಚನೆಗಳೇ. ಹೊಗಳಿಕೆ ತೀರಾ ಕಡಿಮೆ, ಬೈಗುಳವೂ ಕಡಿಮೆ. ಗಂಟಲು ಹರಿಯುವಂತೆ ಕೂಗಿ ಹುರಿದುಂಬಿಸುವವರೇ ದೊಡ್ಡ ಕೋಚ್ ಅಂತ ನಾವು ಅಂದುಕೊಂಡಿರುತ್ತೇವೆ ಅಲ್ವಾ? ಇಲ್ಲಿದ್ದದ್ದು ಒಳ್ಳೆಯ ಮೇಷ್ಟ್ರ ಪಾಠ.

ಇಂಥ ವುಡನ್ ಕೂಡ 1948ರಲ್ಲಿ ಬಂದವರು, ಮೊದಲ ಪ್ರಶಸ್ತಿ ಗೆದ್ದದ್ದು 1964ರಲ್ಲಿ. ಈಗಿನ ಕಾಲವಾಗಿದ್ದರೆ ಯಾರು ಅಷ್ಟು ಕಾಯುತ್ತಿದ್ದರು!

ಅವರ ನಂತರ ಬಂದವರ ಪಾಡು ಕೇಳಿ. ಜೀನ್ ಬಾರ್ಟೋ ಎರಡು ವರ್ಷದಲ್ಲಿ 52 ಗೆದ್ದು 9 ಸೋತರು. ಬೇರೆ ಎಲ್ಲೇ ಆಗಿದ್ದರೂ ಇಂಥ ಕೋಚ್‌ಗೆ ಹಾರ ಹಾಕುತ್ತಿದ್ದರು. ಅಲ್ಲಿ ಆ 9 ಸೋಲೇ ದೊಡ್ಡದಾಯಿತು. ಬೇಸತ್ತು 1977ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ಗೆ ಹೋಗಿ ಹೊಚ್ಚಹೊಸ ತಂಡ ಕಟ್ಟಿದರು. ಆಮೇಲೂ ಯುಸಿಎಲ್‌ಎಯಲ್ಲಿ ಒಬ್ಬರಾದ ಮೇಲೆ ಒಬ್ಬರು ಬಂದುಹೋದರು. ಮುಂದಿನ ಪ್ರಶಸ್ತಿಗೆ 1995ರವರೆಗೆ ಕಾಯಬೇಕಾಯಿತು. ದೊಡ್ಡವರ ಕುರ್ಚಿಗೆ ಇನ್ನೊಬ್ಬರನ್ನು ಕೂರಿಸುವವರು ಮೊದಲು ಊರನ್ನು ಸಿದ್ಧಮಾಡಬೇಕು. ಅಲ್ಲಿ ಆ ಕೆಲಸವನ್ನು ಯಾರೂ ಮಾಡಿದಂತೆ ಕಾಣುವುದಿಲ್ಲ.

ಹೆಣ್ಣುಮಕ್ಕಳ ತಂಡಗಳಲ್ಲಿ ಇಂಥ ತಾಳ್ಮೆಗೆ ಇನ್ನೂ ಒಳ್ಳೆಯ ಉದಾಹರಣೆಗಳಿವೆ. 1985ರಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯ ಜೀನೋ ಔರಿಯೆಮ್ಮಾ ಅವರನ್ನು ತಂದಾಗ ಆ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಜಾಸ್ತಿ. 2025ರ ಹೊತ್ತಿಗೆ ಅವರ ಕೈಯಲ್ಲಿ 12 ಪ್ರಶಸ್ತಿ. ದಕ್ಷಿಣ ಕ್ಯಾರೊಲೈನಾಕ್ಕೆ ಡಾನ್ ಸ್ಟೇಲಿ ಬಂದದ್ದು 2008ರಲ್ಲಿ, ಮೊದಲ ಪ್ರಶಸ್ತಿ 2017ರಲ್ಲಿ.

ಇಷ್ಟು ಹೇಳಿದ ಮೇಲೆ ಈಗಿನ ಕಷ್ಟವನ್ನೂ ಹೇಳಬೇಕು. 1984ರಲ್ಲಿ ಡಾಕಿನ್ಸ್ ತರಹದ ಹುಡುಗ ನಾಲ್ಕು ವರ್ಷ ಒಂದೇ ಕಾಲೇಜಿನಲ್ಲಿ ಇರುತ್ತಿದ್ದ. ಬೇರೆ ಕಾಲೇಜಿಗೆ ಹೋದರೆ ಒಂದು ವರ್ಷ ಆಡದೆ ಕೂರಬೇಕಿತ್ತು. 2021ರಲ್ಲಿ ಆ ನಿಯಮ ಸಡಿಲವಾಯಿತು. ಅದೇ ವರ್ಷದ ಜುಲೈಯಿಂದ ಆಟಗಾರರು ತಮ್ಮ ಹೆಸರಿನ ಮೇಲೆ ಹಣ ಗಳಿಸಬಹುದು ಎಂದಾಯಿತು. 2025ರಿಂದ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಹುಡುಗರ ಕೈಗೆ ಹಣ ಬಂದದ್ದು ನ್ಯಾಯವೇ. ಅವರ ಆಟದಿಂದ ಎಲ್ಲರೂ ದುಡ್ಡು ಮಾಡಿ ಅವರಿಗೇ ಏನೂ ಇಲ್ಲ ಅನ್ನುವುದು ಸರಿಯಿರಲಿಲ್ಲ. ಆದರೆ ಕೋಚ್ ಹೋದ ಸುದ್ದಿ ಬಂದ ತಕ್ಷಣ ತಂಡಕ್ಕೆ ತಂಡವೇ ಖಾಲಿಯಾಗುವ ಭಯ ಈಗಿದೆ. ಹಾಗಾಗಿ ಹುಡುಕಾಟವನ್ನು ನಾಲ್ಕು ದಿನದಲ್ಲಿ ಮುಗಿಸುವ ಅವಸರ.

ಕೆಂಟಕಿ ವಿಶ್ವವಿದ್ಯಾಲಯದಲ್ಲಿ 2024ರಲ್ಲಿ ಇದೇ ಆಯಿತು. ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಓಕ್‌ಲ್ಯಾಂಡ್ ಎಂಬ ಸಣ್ಣ ತಂಡದ ಎದುರು ಸೋಲು. ಅದಾದ ಕೆಲವೇ ವಾರದಲ್ಲಿ 15 ವರ್ಷ ಕೋಚ್ ಆಗಿದ್ದ ಜಾನ್ ಕ್ಯಾಲಿಪಾರಿ ಅರ್ಕನ್ಸಾಗೆ ಹೊರಟರು. ಜನ ದೊಡ್ಡ ದೊಡ್ಡ ಹೆಸರುಗಳ ಕನಸು ಕಂಡರು. ಸಿಕ್ಕಿದ್ದು ಮಾರ್ಕ್ ಪೋಪ್. ಬಿವೈಯು, ಅಂದರೆ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ತಂಡದ ಕೋಚ್, ಪಂದ್ಯಾವಳಿಯಲ್ಲಿ ಕೋಚ್ ಆಗಿ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ. ಮೊದಲ ದಿನ ಸಿಟ್ಟು, ನಿರಾಶೆ. ಆದರೆ ಅವರು 1996ರಲ್ಲಿ ಚಾಂಪಿಯನ್ ಆದ ಕೆಂಟಕಿ ತಂಡದ ನಾಯಕರಲ್ಲೊಬ್ಬರು. ವೈದ್ಯಕೀಯ ಓದನ್ನು ಅರ್ಧಕ್ಕೆ ಬಿಟ್ಟು ಕೋಚಿಂಗ್‌ಗೆ ಬಂದವರು. ಸ್ವಾಗತದ ದಿನ ತಮ್ಮ ಹಳೆಯ ಜೊತೆಗಾರರೊಂದಿಗೆ ಬಸ್ಸಿನಿಂದ ಇಳಿದು, ಆ ಹಳೆಯ ಟ್ರೋಫಿ ಹಿಡಿದು ಕೆಂಟಕಿಯ ಸ್ವಂತ ಅಂಗಳವಾದ ರಪ್ ಅರೀನಾದೊಳಗೆ ಬಂದರು. ಒಳಗೆ ಕಾಲಿಡಲು ಜಾಗವಿರಲಿಲ್ಲ.

ಹಳೆಯ ಮುಖ್ಯ ಆಟಗಾರರು ಯಾರೂ ಉಳಿಯದ ಕಾರಣ ಪೋಪ್ ಇಡೀ ತಂಡವನ್ನು ಹೊಸದಾಗಿ ಕಟ್ಟಿದರು. ನವೆಂಬರ್‌ನಲ್ಲಿ ಡ್ಯೂಕ್‌ನ್ನು 77-72ರಿಂದ ಸೋಲಿಸಿದರು. 2025ರ ಮಾರ್ಚ್‌ನಲ್ಲಿ ಕೊನೆಯ 16ರವರೆಗೆ ಹೋದರು. ಒಂದು ಋತು ನೋಡಿ ಯಾರ ಬಗ್ಗೆಯೂ ತೀರ್ಪು ಕೊಡಬಾರದು. ಅದು ಪೋಪ್‌ಗೂ ಅನ್ವಯಿಸುತ್ತದೆ. ಚೆನ್ನಾಗಿ ಆಡಿದ ಋತುವಿಗೂ ಅನ್ವಯಿಸುತ್ತದೆ.

ಆರಿಸುವ ಸ್ಥಾನದಲ್ಲಿ ಇರುವವರಿಗೆ ಹೇಳುವ ಅವಕಾಶ ಸಿಕ್ಕರೆ ನಾನು ಕೇಳಿಕೊಳ್ಳುವುದು ಮೂರ‍್ನಾಲ್ಕು ಮಾತು. ಅವಸರ ಎಷ್ಟೇ ಇರಲಿ, ಆ ಕೋಚ್ ಬೆಂಚಿನಲ್ಲೇ ಕೂರಿಸಿದ್ದ ಹುಡುಗರಿಗೆ ಫೋನ್ ಮಾಡಿ. ತಾರೆಗಳು ಹೊಗಳುವುದು ಸಹಜ, ಆಡುವ ಅವಕಾಶ ಸಿಗದವನು ಏನು ಹೇಳುತ್ತಾನೆ ಕೇಳಿ. ಹಿಂದಿನ ಕಾಲೇಜಿನಲ್ಲಿ ಎಷ್ಟು ಮಂದಿ ಡಿಗ್ರಿ ಮುಗಿಸಿದರು ನೋಡಿ. ಅಭ್ಯಾಸದ ವಿಡಿಯೊ ತರಿಸಿಕೊಂಡು ಒಂದು ಗಂಟೆ ಸುಮ್ನೆ ಕೂತು ನೋಡಿ. ಇನ್ನು, ಎಷ್ಟು ವರ್ಷ ಕಾಯುತ್ತೇವೆ ಎಂಬುದನ್ನು ಹೆಸರು ಪ್ರಕಟಿಸುವ ಮೊದಲೇ ವಿಶ್ವವಿದ್ಯಾಲಯದ ಅಧ್ಯಕ್ಷರ ಹತ್ತಿರ ಮಾತಾಡಿ ಗಟ್ಟಿ ಮಾಡಿಕೊಳ್ಳಿ. ಮೊದಲ ಸಾಲುಸಾಲು ಸೋಲು ಬಂದಾಗ ದೇಣಿಗೆ ಕೊಡುವವರ ಫೋನು ಬರುವುದು ನಿಮಗೆ, ಕೋಚ್‌ಗಲ್ಲ.

ನಮಸ್ಕಾರ.