ವಿಚ್ಛೇದನದ ಅರ್ಜಿಯಲ್ಲಿ ಮಾದಕವಸ್ತುವಿನ ಆರೋಪ: ನ್ಯಾಯಾಲಯ ಏನನ್ನು ತೂಗುತ್ತದೆ?

(ಪರದೆಯ ಮೇಲೆ: “ಬರುವಾಗ ಸೊಪ್ಪು ತಾ”)

ನಮಸ್ಕಾರ. ಮುಂಬೈಯ ಮಾಟುಂಗಾ ಮಾರುಕಟ್ಟೆಯ ಬಳಿ ಇರುವ ಗಂಡನಿಗೆ ಈ ವಾಟ್ಸಾಪ್ ಸಂದೇಶ ಬಂದರೆ ಅದು ಮೆಂತ್ಯವೋ ದಂಟೋ ಆಗಿರುತ್ತದೆ. ಗಾಂಜಾ ಸೇದುವವರ ಬಾಯಲ್ಲಿ ಅದೇ ಪದದ ಅರ್ಥವೇ ಬೇರೆ. ದಂಪತಿ ಬಾಂದ್ರಾದ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲೇರಿದ ಮೇಲೆ, ಕನ್ನಡ ಬಾರದ ನ್ಯಾಯಾಧೀಶರ ಮುಂದೆ ಈ ಸಂದೇಶ ಅನುವಾದಗೊಂಡು ಬರುತ್ತದೆ. ಆದ್ದರಿಂದ ಒಂದೇ ಸಾಲಿನ ಸ್ಕ್ರೀನ್‌ಶಾಟ್ ಬಂದಾಗ, ಅದರ ಹಿಂದುಮುಂದಿನ ಸಂಭಾಷಣೆಯನ್ನೆಲ್ಲ ದಿನಾಂಕ ಸಹಿತ ಹಾಜರುಪಡಿಸುವಂತೆ ವಕೀಲರ ಮೂಲಕ ಕೇಳಬೇಕು.

1955ರ ಹಿಂದೂ ವಿವಾಹ ಕಾಯಿದೆಯು ಮಾದಕ ವ್ಯಸನವನ್ನು ವಿಚ್ಛೇದನದ ಪ್ರತ್ಯೇಕ ಕಾರಣವಾಗಿ ಹೆಸರಿಸಿಲ್ಲ. ಅಂಥ ಆರೋಪ ಸಾಮಾನ್ಯವಾಗಿ ಕ್ರೌರ್ಯ ಎಂಬ ಕಾರಣದಡಿ ಬರುತ್ತದೆ. ಎಂದೋ ಒಮ್ಮೆ ಗೋವಾದಲ್ಲಿ ಸೇದಿದ್ದರು ಎಂಬುದಕ್ಕಿಂತ, ಆ ಚಟದಿಂದ ಸಂಬಳ ಕರಗಿತೇ, ಹೊಡೆತ ಬಡಿತ ನಡೆಯಿತೇ, ಮಗುವನ್ನು ಶಾಲೆಯಿಂದ ಕರೆತರುವವರಿಲ್ಲದೆ ಹೋಯಿತೇ ಎಂಬ ಪ್ರಶ್ನೆಗಳೇ ಹೆಚ್ಚು ತೂಗುತ್ತವೆ. ಕ್ರೌರ್ಯವನ್ನು ಕ್ರಿಮಿನಲ್ ಮೊಕದ್ದಮೆಯಂತೆ ಸಂಶಯಾತೀತವಾಗಿ ಸಾಬೀತುಪಡಿಸಬೇಕಿಲ್ಲ, ಸಂಭವನೀಯತೆಯ ತೂಕ ಸಾಕು ಎಂದು ಸುಪ್ರೀಂ ಕೋರ್ಟ್ 1975ರಲ್ಲೇ ಹೇಳಿದೆ. ಆ ದಾಸ್ತಾನೆ ಪ್ರಕರಣ ಆರಂಭವಾದದ್ದು ಪುಣೆಯ ನ್ಯಾಯಾಲಯದಲ್ಲಿ.

ಇನ್ನು ಪರೀಕ್ಷೆಯ ವಿಚಾರ. ವೈವಾಹಿಕ ವ್ಯಾಜ್ಯದಲ್ಲಿ ವೈದ್ಯಕೀಯ ತಪಾಸಣೆಗೆ ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕೆ ಇದೆ ಎಂದು 2003ರ ಶಾರದಾ–ಧರ್ಮಪಾಲ್ ತೀರ್ಪು ಹೇಳುತ್ತದೆ. ಆ ಪ್ರಕರಣ ಮಾನಸಿಕ ಆರೋಗ್ಯಕ್ಕೆ ಸಂಬಂಧಿಸಿದ್ದು. ಅದರ ತತ್ವ ಮಾತ್ರ ವಿಶಾಲವಾದುದು. ಬಲವಾದ ಮೇಲ್ನೋಟದ ಆಧಾರ ಇಲ್ಲದೆ ಹಾಗೆ ಆದೇಶಿಸುವಂತಿಲ್ಲ. ಆದೇಶವಾದ ಮೇಲೆ ನಿರಾಕರಿಸಿದರೆ ಅದನ್ನು ನಿರಾಕರಿಸಿದವರ ವಿರುದ್ಧ ಎಣಿಸಬಹುದು.

(ಪರದೆಯ ಮೇಲೆ: ಮೂತ್ರದ ಮಾದರಿ, ಕೂದಲಿನ ಎಳೆ)

ಮೂತ್ರದಲ್ಲಿ ಕೊಕೇನಿನ ಗುರುತು ಸಾಮಾನ್ಯವಾಗಿ 2ರಿಂದ 4 ದಿನ ಸಿಗುತ್ತದೆ. ಗಾಂಜಾ ಒಮ್ಮೆ ಸೇದಿದವರಲ್ಲಿ ಸುಮಾರು 3 ದಿನ, ನಿತ್ಯ ಸೇದುವವರಲ್ಲಿ ಕೆಲವೊಮ್ಮೆ ತಿಂಗಳಿನವರೆಗೂ ಉಳಿಯುತ್ತದೆ. ಕೂದಲು ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಬೆಳೆಯುವುದರಿಂದ, ಬುಡದ 3 ಸೆಂಟಿಮೀಟರ್ ಸುಮಾರು 3 ತಿಂಗಳ ಕಥೆ ಹೇಳುತ್ತದೆ. ನಮ್ಮ ಮದುವೆಯೂಟದ ಗಸಗಸೆ ಪಾಯಸವೂ ಇಲ್ಲಿ ಸಾಕ್ಷಿಗೆ ಬರಬಹುದು ಎಂದರೆ ನಗಬೇಡಿ: ಗಸಗಸೆಯಾಗಲಿ, ಕೊಡೀನ್ ಇರುವ ಕೆಮ್ಮಿನ ಔಷಧವಾಗಲಿ ಪ್ರಾಥಮಿಕ ಪರೀಕ್ಷೆಯಲ್ಲಿ ಅಫೀಮಿನ ಗುಂಪಿಗೆ ಪಾಸಿಟಿವ್ ತೋರಿಸಬಲ್ಲದು. ಹಾಗಾಗಿ ಪ್ರಾಥಮಿಕ ಪರೀಕ್ಷೆಯ ಪಟ್ಟಿಯ (ಸ್ಟ್ರಿಪ್‌ನ) ಮೇಲಿನ ಗೆರೆಗೆ ನಿಲ್ಲದೆ, ಪ್ರಯೋಗಾಲಯದ ದೃಢೀಕರಣ ಪರೀಕ್ಷೆಯನ್ನು ಕೇಳುವುದು ಅಗತ್ಯ. ತನಗೆ ಅನುಕೂಲವಾದ ದಿನ ತಾನೇ ಹೋಗಿ ಮಾಡಿಸಿಕೊಂಡ ನೆಗೆಟಿವ್ ವರದಿಯನ್ನು ನಾನಾಗಿದ್ದರೆ ಹೆಚ್ಚು ನೆಚ್ಚಿಕೊಳ್ಳುತ್ತಿರಲಿಲ್ಲ. ನ್ಯಾಯಾಲಯ ಗೊತ್ತುಪಡಿಸಿದ ದಿನ ಮಾದರಿ ಕೊಡಲು ಸಿದ್ಧ ಎಂಬ ಲಿಖಿತ ಹೇಳಿಕೆಗೆ ಅದಕ್ಕಿಂತ ಬೆಲೆ ಹೆಚ್ಚು.

ಆರೋಪ ಸುಳ್ಳಾದರೆ, ಸಿಟ್ಟಿನಲ್ಲಿ ಪ್ರತ್ಯಾರೋಪ ಹೊರಿಸುವುದು ಅಪಾಯಕರ. ಸುಳ್ಳು ದೂರುಗಳೂ ಅರ್ಜಿಯಲ್ಲಿ ಬರೆದ ಮಾನಹಾನಿಕರ ಮಾತುಗಳೂ ಮಾನಸಿಕ ಕ್ರೌರ್ಯವಾಗಬಲ್ಲವು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಮತ್ತು ಆ ಮಾತು ಎರಡೂ ಕಡೆಗೆ ಅನ್ವಯಿಸುತ್ತದೆ. ಆರೋಪದಲ್ಲಿ ನಿಜವಿದ್ದರೆ, ಪ್ರಮಾಣಪತ್ರದಲ್ಲಿ ಒಪ್ಪಿಕೊಳ್ಳುವ ಮುನ್ನ ವಕೀಲರನ್ನು ಕಾಣಲೇಬೇಕು. ಏಕೆಂದರೆ 1985ರ ಮಾದಕವಸ್ತು ಕಾಯಿದೆಯ 27ನೇ ಕಲಮಿನ ಪ್ರಕಾರ ಸೇವನೆಯೇ ಅಪರಾಧ. ಅದೇ ಕಾಯಿದೆಯ 64ಎ ಕಲಮು, ಸ್ವಇಚ್ಛೆಯಿಂದ ಚಿಕಿತ್ಸೆಗೆ ಹೋಗುವ ವ್ಯಸನಿಗಳಿಗೆ ಷರತ್ತಿನ ಮೇಲೆ ರಕ್ಷಣೆಯನ್ನೂ ಕೊಡುತ್ತದೆ.

ಮಗುವಿನ ವಿಷಯದಲ್ಲಿ 1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯಿದೆ ಮಗುವಿನ ಹಿತವನ್ನೇ ಮೇಲಿಡುತ್ತದೆ. ಸಂಶಯ ಉಳಿದಿರುವಾಗ ಭೇಟಿಯನ್ನು ಪೂರ್ತಿ ತಡೆಯದೆ, ಮೂರನೆಯವರ ಸಮಕ್ಷಮ ಭೇಟಿಯಾಗುವಂತೆ ಆದೇಶಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಅಂಥ ಆದೇಶವನ್ನು ಅವಮಾನವೆಂದು ತಿಳಿದು ಭೇಟಿಗೇ ಹೋಗದವರು ತಮ್ಮ ಕಾಲಿಗೆ ತಾವೇ ಕೊಡಲಿ ಹಾಕಿಕೊಂಡಂತೆ. ಪ್ರತಿ ಭೇಟಿಗೆ ಹೊತ್ತಿಗೆ ಸರಿಯಾಗಿ ಹೋದ ದಾಖಲೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಮುಂಬೈ ಕನ್ನಡಿಗರ ಇನ್ನೊಂದು ಭಯವೂ ಇದೆ: ಡೊಂಬಿವಿಲಿಯಲ್ಲಿ ಆಡಿದ ಮಾತು ರಾತ್ರಿಯ ಬಸ್ಸಿಗಿಂತ ಮೊದಲೇ ಊರು ಮುಟ್ಟಿರುತ್ತದೆ. 1984ರ ಕೌಟುಂಬಿಕ ನ್ಯಾಯಾಲಯ ಕಾಯಿದೆಯ 11ನೇ ಕಲಮಿನಂತೆ, ಇಬ್ಬರಲ್ಲಿ ಒಬ್ಬರು ಬಯಸಿದರೂ ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ಆ ಕೋರಿಕೆಯನ್ನು ಮೊದಲ ಹಾಜರಿಯ ದಿನವೇ ಸಲ್ಲಿಸಿಬಿಡಿ.