ಪಂಪ್ ಹೌಸ್‌ನ ನಾಲ್ಕು ದೀಪಕ್ಕೆ ಒಂದು ಕರ್ನಲ್ ಡ್ರೈವರ್

ನಮಸ್ಕಾರ. ಕೊಡಗಿನ ಗೋಣಿಕೊಪ್ಪ ಕಡೆಯ ರೋಬಸ್ಟಾ ಕಾಫಿ ತೋಟಗಳಲ್ಲಿ ಫೆಬ್ರವರಿ, ಮಾರ್ಚ್ ಬಂತು ಅಂದ್ರೆ ಹೂಮಳೆಗೆ (ಕಾಫಿ ಹೂ ಅರಳಿಸೋ ಮಳೆಗೆ) ಕಾಯ್ತಾ ಕೂರೋರು ಕಮ್ಮಿ. ಕೆರೆಯಿಂದ ಸ್ಪ್ರಿಂಕ್ಲರ್‌ಗೆ ನೀರು ಹತ್ತಿಸಲೇಬೇಕು. ಈಗ ನೀವು ನೋಡ್ತಿರೋದು ಅಂಥ ಪಂಪ್ ಹೌಸ್ ಗೋಡೆಗೆ ಹಾಕೋ ಒಂದು ಡಬ್ಬಿ. ಒಳಗೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್, ಮುಂದೆ ನಾಲ್ಕು ಎಲ್‌ಇಡಿ: ಕರೆಂಟ್ ಇದೆಯಾ, ಪಂಪ್ ಓಡ್ತಿದೆಯಾ, ಕೆರೆಯಲ್ಲಿ ನೀರಿದೆಯಾ, ನೆಟ್‌ವರ್ಕ್ ಇದೆಯಾ. ಈ ನಾಲ್ಕು ದೀಪಕ್ಕೆ ಲಿನಕ್ಸ್ ಕರ್ನಲ್ ಡ್ರೈವರ್, ಅಂದ್ರೆ ಆಪರೇಟಿಂಗ್ ಸಿಸ್ಟಮ್‌ನ ತಿರುಳಿನೊಳಗೆ ಕೂತು ಹಾರ್ಡ್‌ವೇರ್ ನಡೆಸೋ ಕೋಡ್, ಬರೆಯೋದು ಹೇಗೆ ಅನ್ನೋದೇ ಇವತ್ತಿನ ವಿಷಯ. ಸಿ ಭಾಷೆ ಗೊತ್ತಿದ್ದು, ಟರ್ಮಿನಲ್ ಕಂಡ್ರೆ ಭಯ ಇಲ್ಲದಿದ್ರೆ ಸಾಕು.

ಶುರು ಮಾಡೋ ಮುಂಚೆ ಒಂದು ಮಾತು. ಎಲ್‌ಇಡಿ ನೇರವಾಗಿ ಪೈನ ಜಿಪಿಐಒ ಪಿನ್‌ಗೆ (ಪ್ರೋಗ್ರಾಮ್‌ನಿಂದ ಆನ್-ಆಫ್ ಮಾಡೋ ಪಿನ್) ಸೇರಿದ್ರೆ ಡ್ರೈವರ್ ಬರೆಯಲೇಬೇಡಿ. ಕರ್ನಲ್‌ನಲ್ಲಿ ಲೆಡ್ಸ್-ಜಿಪಿಐಒ ಅನ್ನೋ ಡ್ರೈವರ್ ಈಗಾಗಲೇ ಇದೆ. ಕಾನ್ಫಿಗ್ ಡಾಟ್ ಟಿಎಕ್ಸ್‌ಟಿ ಫೈಲಿನಲ್ಲಿ ಜಿಪಿಐಒ-ಲೆಡ್ ಅನ್ನೋ ಓವರ್‌ಲೇ (ಯಾವ ಹಾರ್ಡ್‌ವೇರ್ ಎಲ್ಲಿ ಸೇರಿದೆ ಅಂತ ಕರ್ನಲ್‌ಗೆ ಹೇಳೋ ತುಣುಕು) ಹೆಸರು, ಪಿನ್ ನಂಬರ್ 17, ಟ್ರಿಗರ್ (ದೀಪ ಯಾವಾಗ ಉರೀಬೇಕು ಅಂತ ಹೇಳೋ ಕರ್ನಲ್ ಭಾಗ) ಹಾರ್ಟ್‌ಬೀಟ್, ಇಷ್ಟು ಒಂದೇ ಸಾಲಿನಲ್ಲಿ ಬರೆದು ರೀಬೂಟ್ ಮಾಡಿದ್ರೆ ದೀಪ ಮಿಡಿಯೋಕೆ ಶುರು. ಸಿಸ್ ಫೈಲ್ ಸಿಸ್ಟಮ್ ಒಳಗೆ ಕ್ಲಾಸ್, ಅದರೊಳಗೆ ಲೆಡ್ಸ್ ಅನ್ನೋ ಫೋಲ್ಡರ್‌ಗೆ ಹೋಗಿ ನೋಡಿ. ಪ್ರತಿ ದೀಪಕ್ಕೂ ಬ್ರೈಟ್‌ನೆಸ್, ಮ್ಯಾಕ್ಸ್ ಬ್ರೈಟ್‌ನೆಸ್, ಟ್ರಿಗರ್ ಅನ್ನೋ ಫೈಲ್‌ಗಳಿರುತ್ತೆ. ಬ್ರೈಟ್‌ನೆಸ್‌ಗೆ 0 ಬರೆದ್ರೆ ದೀಪ ಆರೋದರ ಜೊತೆಗೆ ಟ್ರಿಗರ್ ಕೂಡ ಕಳಚಿಕೊಳ್ಳುತ್ತೆ. ಇದು ಗೊತ್ತಿಲ್ಲದೆ "ಮತ್ತೆ ಆನ್ ಮಾಡಿದ್ರೂ ಮಿನುಗ್ತಾ ಇಲ್ವಲ್ಲ" ಅಂತ ಡ್ರೈವರ್‌ನಲ್ಲಿ ತಪ್ಪು ಹುಡುಕೋರು ಬಹಳ ಜನ.

ಡ್ರೈವರ್ ಬೇಕಾಗೋದು ನಡುವೆ ಒಂದು ಚಿಪ್ ಬಂದಾಗ. ನಾವು ಉದಾಹರಣೆಗೆ ತಗೊಂಡಿರೋದು ಪಿಸಿಎ9633. ಐ2ಸಿ ಅನ್ನೋ ಎರಡು ತಂತಿಯ ಬಸ್ ಮೇಲೆ ಕೂರುತ್ತೆ, ನಾಲ್ಕು ದೀಪ ನಡೆಸುತ್ತೆ, ಪ್ರತಿ ದೀಪಕ್ಕೂ 8 ಬಿಟ್ ಪಿಡಬ್ಲ್ಯುಎಂ (ಬೇಗ ಬೇಗ ಆನ್-ಆಫ್ ಮಾಡಿ ಬೆಳಕು ಹೆಚ್ಚು ಕಮ್ಮಿ ಮಾಡೋ ವಿಧಾನ), ಒಂದೊಂದು ಪಿನ್ 25 ಮಿಲಿಆಂಪ್ ವರೆಗೆ ಎಳೆಯುತ್ತೆ. ಇದಕ್ಕೂ ಕರ್ನಲ್‌ನಲ್ಲಿ ಡ್ರೈವರ್ ಇದೆ, ಲೆಡ್ಸ್-ಪಿಸಿಎ963ಎಕ್ಸ್ ಅಂತ. ಕೆಲಸ ಆಗಬೇಕು ಅನ್ನೋರು ಅದನ್ನೇ ಬಳಸಿ. ಕಲಿಯೋಕೆ ಮಾತ್ರ ಈ ಚಿಪ್ ಬಹಳ ಒಳ್ಳೇದು, ಯಾಕಂದ್ರೆ ರಿಜಿಸ್ಟರ್ (ಚಿಪ್ ಒಳಗಿನ ಸೆಟ್ಟಿಂಗ್ ಬರೆಯೋ ಗೂಡು) ಇರೋದು 13 ಮಾತ್ರ, ಡೇಟಾಶೀಟ್ ಒಂದು ಸಂಜೆಯಲ್ಲಿ ಓದಿ ಮುಗಿಸಬಹುದು.

ವೈರಿಂಗ್ ನೋಡಿ. ಪೈನ 3ನೇ ಪಿನ್ ಎಸ್‌ಡಿಎ (ಡೇಟಾ ತಂತಿ), 5ನೇ ಪಿನ್ ಎಸ್‌ಸಿಎಲ್ (ಕ್ಲಾಕ್ ತಂತಿ). ಚಿಪ್‌ಗೆ 3.3 ವೋಲ್ಟ್ ಕೊಡಿ, 5 ಕೊಡಬೇಡಿ. 5 ವೋಲ್ಟ್‌ನಲ್ಲಿ ಓಡೋ ಚಿಪ್‌ಗೆ ಬಸ್ ಮೇಲೆ ಕನಿಷ್ಠ 3.5 ವೋಲ್ಟ್ ಕಂಡ್ರೆ ಮಾತ್ರ "1" ಅಂತ ಗ್ಯಾರಂಟಿ. ಪೈ ಕೊಡೋದು 3.3. ಕೆಲವು ಸಲ ನಡೆಯುತ್ತೆ, ಕೆಲವು ಸಲ ಕೈ ಕೊಡುತ್ತೆ, ಅದೇ ಅತಿ ಕೆಟ್ಟ ತೊಂದರೆ. ದೀಪದ ಪಾಸಿಟಿವ್ ಕಾಲಿಗೆ ಮಾತ್ರ 5 ವೋಲ್ಟ್ ಕೊಡಬಹುದು. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತಿನ್ನುತ್ತೆ, ಉಳಿದ 3 ವೋಲ್ಟ್‌ಗೆ 330 ಓಮ್ ರೆಸಿಸ್ಟರ್ ಹಾಕಿದ್ರೆ 9 ಮಿಲಿಆಂಪ್. ಹಸಿರು 3 ವೋಲ್ಟ್ ತಿನ್ನೋ ಜಾತಿಯದಾದ್ರೆ 220 ಓಮ್, ಅಲ್ಲೂ 9 ಮಿಲಿಆಂಪ್.

ಇಲ್ಲಿ ಒಂದು ಕಡೆ ಜನ ಬೀಳ್ತಾರೆ. ಚಿಪ್ ಆನ್ ಆದಾಗ ಅದರ ಔಟ್‌ಪುಟ್ ಟೋಟೆಮ್ ಪೋಲ್ ರೀತಿಯಲ್ಲಿರುತ್ತೆ, ಅಂದ್ರೆ ದೀಪ ಆರಿಸಿದಾಗ ಪಿನ್ 3.3 ವೋಲ್ಟ್‌ಗೆ ಏರುತ್ತೆ. ಆ ಕಡೆ 5, ಈ ಕಡೆ 3.3. ನಡುವೆ ಉಳಿದ 1.7 ವೋಲ್ಟ್‌ಗೆ ಕೆಂಪು ಎಲ್‌ಇಡಿ ಕತ್ತಲಲ್ಲಿ ಸಣ್ಣಗೆ ಉರಿಯಬಹುದು. ರಾತ್ರಿ ದೂರದಿಂದ ನೋಡಿದವರಿಗೆ ಪಂಪ್ ಓಡ್ತಿದೆ ಅನ್ನಿಸುತ್ತೆ. ಮೋಡ್2 ರಿಜಿಸ್ಟರ್‌ನ 2ನೇ ಬಿಟ್ (0ಯಿಂದ ಎಣಿಸಿ) ಸೊನ್ನೆ ಮಾಡಿ, ಔಟ್‌ಪುಟ್ ಓಪನ್ ಡ್ರೇನ್ ಆಗುತ್ತೆ, ಅಂದ್ರೆ ದೀಪ ಆರಿಸಿದಾಗ ಪಿನ್ ಸುಮ್ಮನೆ ಬಿಟ್ಟುಬಿಡುತ್ತೆ, ಮಿಣುಕು ನಿಲ್ಲುತ್ತೆ.

ಈಗ ಬಸ್ ಮೇಲೆ ಯಾವ ಚಿಪ್‌ಗಳಿವೆ ಅಂತ ಹುಡುಕೋ ಐ2ಸಿ-ಡಿಟೆಕ್ಟ್ ಓಡಿಸಿ. 8 ಕಾಲಿನ ಚಿಪ್ ಆದ್ರೆ ಹೆಕ್ಸ್ 62ರಲ್ಲಿ ಕಾಣುತ್ತೆ. ಜೊತೆಗೆ ಹೆಕ್ಸ್ 70ರಲ್ಲೂ ಯಾರೋ ಉತ್ತರ ಕೊಡ್ತಾರೆ. ಬೇರೆ ಚಿಪ್ ಅಲ್ಲ, ಇದೇ. ಒಂದೇ ಮಾತಿಗೆ ಬಸ್ ಮೇಲಿನ ಈ ಜಾತಿಯ ಚಿಪ್‌ಗಳೆಲ್ಲ ಓಗೊಡಲಿ ಅಂತ ಇಟ್ಟಿರೋ ಆಲ್ ಕಾಲ್ ವಿಳಾಸ ಅದು. ಎಚ್‌ಟಿ16ಕೆ33 ಡಿಸ್‌ಪ್ಲೇ ಕೂಡ ಅದೇ 70ರಲ್ಲಿ ಕೂರೋದ್ರಿಂದ ಎರಡೂ ಒಂದೇ ಬಸ್‌ನಲ್ಲಿದ್ರೆ ಜಗಳ. ಮೋಡ್1 ರಿಜಿಸ್ಟರ್‌ಗೆ ಸೊನ್ನೆ ಬರೆದ್ರೆ ಆಲ್ ಕಾಲ್ ಮುಚ್ಚುತ್ತೆ, ಚಿಪ್ ನಿದ್ದೆಯಿಂದಲೂ ಏಳುತ್ತೆ. ಕರೆಂಟ್ ಕೊಟ್ಟ ಕೂಡಲೇ ಈ ಚಿಪ್ ನಿದ್ದೆಯಲ್ಲೇ ಇರುತ್ತೆ, ಒಳಗಿನ ಆಸಿಲೇಟರ್ ಆಫ್. ಎಬ್ಬಿಸಿದ ಮೇಲೆ 500 ಮೈಕ್ರೋಸೆಕೆಂಡ್ ಕಾಯಬೇಕು. ಎಬ್ಬಿಸೋದನ್ನೇ ಮರೆತ್ರೆ ರಿಜಿಸ್ಟರ್‌ನಲ್ಲಿ 128 ಅಂತ ಸರಿಯಾಗೇ ಕೂತಿರುತ್ತೆ, ಓದಿದ್ರೂ 128 ಬರುತ್ತೆ, ದೀಪ ಮಾತ್ರ ಮಬ್ಬಾಗಲ್ಲ.

ಕೋಡ್‌ಗೆ ಬರೋಣ. ಎರಡು ಸ್ಟ್ರಕ್ಚರ್ ಸಾಕು. ಒಂದು ಇಡೀ ಚಿಪ್‌ಗೆ, ಅದರಲ್ಲಿ ರೆಗ್‌ಮ್ಯಾಪ್ (ರಿಜಿಸ್ಟರ್ ಓದಿ ಬರೆಯೋಕೆ ಕರ್ನಲ್ ಕೊಡೋ ಸಲಕರಣೆ) ಪಾಯಿಂಟರ್. ಇನ್ನೊಂದು ಪ್ರತಿ ದೀಪಕ್ಕೆ, ಅದರಲ್ಲಿ ಲೆಡ್-ಕ್ಲಾಸ್‌ಡೆವ್ (ಕರ್ನಲ್‌ಗೆ ಗೊತ್ತಿರೋ ಎಲ್‌ಇಡಿ ಸ್ಟ್ರಕ್ಚರ್), ಚಾನೆಲ್ ನಂಬರ್, ಚಿಪ್ ಕಡೆಗೆ ಪಾಯಿಂಟರ್. ಕರ್ನಲ್ ನಿಮ್ಮ ಫಂಕ್ಷನ್ ಕರೆದಾಗ ಕೊಡೋದು ಲೆಡ್-ಕ್ಲಾಸ್‌ಡೆವ್ ಮಾತ್ರ, ಅದರಿಂದ ಕಂಟೇನರ್-ಆಫ್ ಹಾಕಿ ನಿಮ್ಮ ಸ್ಟ್ರಕ್ಚರ್ ಹಿಡೀಬೇಕು. ಚಿಪ್ ಸಿಕ್ಕಾಗ ಕರ್ನಲ್ ಕರೆಯೋ ಪ್ರೋಬ್ ಫಂಕ್ಷನ್‌ನಲ್ಲಿ ಮೊದಲು ರೆಗ್‌ಮ್ಯಾಪ್, ರಿಜಿಸ್ಟರ್ 8 ಬಿಟ್, ಮೌಲ್ಯ 8 ಬಿಟ್. ಆಮೇಲೆ ಮೋಡ್1, 500 ಮೈಕ್ರೋಸೆಕೆಂಡ್ ಕಾಯೋದು, ಮೋಡ್2, ನಾಲ್ಕೂ ಪಿಡಬ್ಲ್ಯುಎಂಗೆ ಸೊನ್ನೆ. ಕೊನೆಗೆ ಒಂದೊಂದೇ ದೀಪದ ನೋಂದಣಿ. ಹಳೆಯ ಪಾಠ ನೋಡಿ ಬರೆಯೋರು ಗಮನಿಸಿ, ಕರ್ನಲ್ 6.3ರಿಂದ ಐ2ಸಿ ಪ್ರೋಬ್‌ಗೆ ಒಂದೇ ಆರ್ಗ್ಯುಮೆಂಟ್, 6.1ರಿಂದ ರಿಮೂವ್ (ಡ್ರೈವರ್ ಕಳಚೋವಾಗ ಓಡೋ ಫಂಕ್ಷನ್) ಏನೂ ಹಿಂದಿರುಗಿಸಲ್ಲ. ಇಂಟರ್ನೆಟ್‌ನಲ್ಲಿ ಸಿಗೋ ಕೋಡ್ ಕಂಪೈಲ್ ಆಗದಿರೋದಕ್ಕೆ ಹೆಚ್ಚಾಗಿ ಇದೇ ಕಾರಣ. ಲೈಸೆನ್ಸ್ ಸಾಲಿನಲ್ಲಿ ಜಿಪಿಎಲ್ ಬರೆಯದಿದ್ರೆ ಎಲ್‌ಇಡಿ ನೋಂದಣಿಯ ಫಂಕ್ಷನ್ ನಿಮಗೆ ಸಿಗೋದೇ ಇಲ್ಲ.

ಇನ್ನು ಮುಖ್ಯವಾದ ಭಾಗ, ನಿಧಾನವಾಗಿ ನೋಡಿ. ಬೆಳಕು ಬದಲಿಸೋಕೆ ಕರ್ನಲ್ ನಿಮಗೆ ಎರಡು ಬಾಗಿಲು ಕೊಡುತ್ತೆ: ಬ್ರೈಟ್‌ನೆಸ್-ಸೆಟ್, ಬ್ರೈಟ್‌ನೆಸ್-ಸೆಟ್-ಬ್ಲಾಕಿಂಗ್. ಒಂದನ್ನು ಮಾತ್ರ ತುಂಬಬೇಕು. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಿಮ್ಮ ಫಂಕ್ಷನ್ ನಿದ್ದೆ ಹೋಗುತ್ತಾ? ಐ2ಸಿಯಲ್ಲಿ ಒಂದು ರಿಜಿಸ್ಟರ್ ಬರೆಯೋದು ಅಂದ್ರೆ ವಿಳಾಸ, ರಿಜಿಸ್ಟರ್, ಮೌಲ್ಯ, ಒಟ್ಟು 3 ಬೈಟ್, ಪ್ರತಿ ಬೈಟ್‌ಗೂ ಬರೋ ಆಕ್ ("ಸಿಕ್ಕಿತು" ಅನ್ನೋ ಬಿಟ್) ಸೇರಿ 27 ಬಿಟ್. 100 ಕಿಲೋಹರ್ಟ್ಸ್‌ನಲ್ಲಿ ಹೆಚ್ಚುಕಮ್ಮಿ 0.3 ಮಿಲಿಸೆಕೆಂಡ್. ಅಷ್ಟು ಹೊತ್ತು ಕೋಡ್ ಮಲಗಿ ಕಾಯುತ್ತೆ. ಆದ್ರೆ ಹಾರ್ಟ್‌ಬೀಟ್ ಟ್ರಿಗರ್ ನಿಮ್ಮನ್ನು ಕರೆಯೋದು ಕರ್ನಲ್ ಟೈಮರ್ ಒಳಗಿಂದ, ಅಲ್ಲಿ ಮಲಗೋ ಹಾಗೇ ಇಲ್ಲ. ಬ್ರೈಟ್‌ನೆಸ್-ಸೆಟ್‌ನಲ್ಲಿ ಐ2ಸಿ ಬರೆದ್ರೆ, ಟರ್ಮಿನಲ್‌ನಿಂದ ಎಕೋ ಮಾಡಿದಾಗ ಎಲ್ಲ ಸರಿ ಇರುತ್ತೆ, ಟ್ರಿಗರ್ ಹಾಕಿದ ಕೂಡಲೇ "ಶೆಡ್ಯೂಲಿಂಗ್ ವೈಲ್ ಅಟಾಮಿಕ್" ಅಂತ ಲಾಗ್ ತುಂಬುತ್ತೆ, ಪೈ ಹ್ಯಾಂಗ್ ಆದ್ರೂ ಆಶ್ಚರ್ಯ ಇಲ್ಲ. ಬ್ಲಾಕಿಂಗ್ ಬಾಗಿಲಲ್ಲಿ ಬರೆದ್ರೆ ಕರ್ನಲ್ ತಾನೇ ಆ ಕೆಲಸವನ್ನು ವರ್ಕ್‌ಕ್ಯೂಗೆ, ಅಂದ್ರೆ ಮಲಗಿದ್ರೂ ಪರವಾಗಿಲ್ಲದ ಕಡೆಗೆ, ಹಾಕುತ್ತೆ. ನಿಮ್ಮದೇ ವರ್ಕ್‌ಕ್ಯೂ, ನಿಮ್ಮದೇ ಥ್ರೆಡ್ ಯಾವುದೂ ಬೇಡ. ಹಳೆಯ ಡ್ರೈವರ್‌ಗಳಲ್ಲಿ ಅವೆಲ್ಲ ಕಂಡ್ರೆ ನಕಲು ಮಾಡಬೇಡಿ.

ಇನ್ನೊಂದು ಸೂಕ್ಷ್ಮ. ಈ ಚಿಪ್‌ನಲ್ಲಿ ನಾಲ್ಕು ದೀಪದ ಸ್ಥಿತಿಯೂ ಲೆಡ್-ಔಟ್ ಅನ್ನೋ ಒಂದೇ ರಿಜಿಸ್ಟರ್‌ನಲ್ಲಿದೆ, ದೀಪಕ್ಕೆ 2 ಬಿಟ್‌ನಂತೆ. ಪಂಪ್ ದೀಪ ಆ ರಿಜಿಸ್ಟರ್ ಓದಿ, ತನ್ನ 2 ಬಿಟ್ ಬದಲಿಸಿ, ಮತ್ತೆ ಬರೆಯುತ್ತೆ. ಓದೋದಕ್ಕೂ ಬರೆಯೋದಕ್ಕೂ ನಡುವೆ ನೆಟ್‌ವರ್ಕ್ ದೀಪ ತನ್ನದನ್ನು ಬರೆದಿದ್ರೆ ಆ ಬದಲಾವಣೆ ಅಳಿಸಿ ಹೋಗುತ್ತೆ. ಒಂದೇ ದೀಪ ಪರೀಕ್ಷೆ ಮಾಡಿದಾಗ ಇದು ಕಾಣೋದೇ ಇಲ್ಲ. ರೆಗ್‌ಮ್ಯಾಪ್-ಅಪ್‌ಡೇಟ್-ಬಿಟ್ಸ್ ಬಳಸಿದ್ರೆ ಓದಿ ಬರೆಯೋದು ಎರಡೂ ಒಂದೇ ಲಾಕ್ ಒಳಗೆ ಆಗುತ್ತೆ. ನಮ್ಮ ಡಬ್ಬಿಗೆ ಇನ್ನೂ ಸುಲಭ ದಾರಿ ಇದೆ. ಪ್ರೋಬ್‌ನಲ್ಲೇ ಒಂದು ಸಲ ಲೆಡ್-ಔಟ್‌ಗೆ ಹೆಕ್ಸ್ ಎಎ ಬರೆದುಬಿಡಿ, ನಾಲ್ಕೂ ದೀಪ ಪಿಡಬ್ಲ್ಯುಎಂ ಅಧೀನಕ್ಕೆ ಬರುತ್ತೆ. ಆಮೇಲೆ ಮುಟ್ಟೋದು ಆಯಾ ದೀಪದ ಪಿಡಬ್ಲ್ಯುಎಂ ರಿಜಿಸ್ಟರ್ ಮಾತ್ರ, 2ರಿಂದ 5ರವರೆಗೆ. ಹಂಚಿಕೊಳ್ಳೋದೇ ಇಲ್ಲದ ಮೇಲೆ ಜಗಳವೂ ಇಲ್ಲ. ಬ್ರೈಟ್‌ನೆಸ್ ಫಂಕ್ಷನ್ ಒಂದೇ ಸಾಲಿಗೆ ಇಳಿಯುತ್ತೆ. 255 ಕೊಟ್ಟಾಗ ಪೂರ್ತಿ 100 ಬರದೆ 99.6 ಶೇಕಡಾ ಬರುತ್ತೆ, ಕಣ್ಣಿಗೆ ಗೊತ್ತಾಗಲ್ಲ.

ಹಾರ್ಡ್‌ವೇರ್‌ನಿಂದಲೇ ಮಿನುಗಿಸೋ ಬ್ಲಿಂಕ್-ಸೆಟ್ ಅನ್ನೋ ಬಾಗಿಲೂ ತುಂಬಬೇಕಾ? ಈ ಚಿಪ್‌ಗೆ ತಾನೇ ಮಿನುಗೋ ಶಕ್ತಿ ಇದೆ, ಆದ್ರೆ ಇಡೀ ಗುಂಪಿಗೆ ವೇಗ ಒಂದೇ. ಪಂಪ್ ದೀಪ ಜೋರಾಗಿ, ಕೆರೆ ದೀಪ ನಿಧಾನವಾಗಿ ಮಿನುಗಬೇಕು ಅಂದ್ರೆ ಆಗಲ್ಲ. ಖಾಲಿ ಬಿಡಿ. ಟೈಮರ್ ಟ್ರಿಗರ್ ಸಾಫ್ಟ್‌ವೇರ್‌ನಲ್ಲೇ ನೋಡಿಕೊಳ್ಳುತ್ತೆ, ಅರ್ಧ ಸೆಕೆಂಡಿಗೊಮ್ಮೆ 3 ಬೈಟ್ ಬಸ್‌ಗೆ ಏನೂ ಭಾರ ಅಲ್ಲ. ಕೆರೆಯಲ್ಲಿ ನೀರು ಕಮ್ಮಿ ಆದ್ರೆ ದೀಪ ಮಿನುಗಬೇಕು ಅನ್ನೋ ತೀರ್ಮಾನವೂ ಡ್ರೈವರ್ ಒಳಗೆ ಬೇಡ. ಡ್ರೈವರ್‌ಗೆ ಕೆರೆ ಗೊತ್ತಿರಬಾರದು. ಹೊರಗಿನ ಸ್ಕ್ರಿಪ್ಟ್ ನೀರಿನ ಮಟ್ಟ ನೋಡಿ ಟ್ರಿಗರ್ ಫೈಲ್‌ಗೆ ಬರೆಯಲಿ. ನೆಟ್‌ವರ್ಕ್ ದೀಪಕ್ಕಂತೂ ಸ್ಕ್ರಿಪ್ಟೂ ಬೇಡ, ನೆಟ್‌ಡೆವ್ ಟ್ರಿಗರ್ ಹಾಕಿ ಡಾಂಗಲ್‌ನ ಇಂಟರ್‌ಫೇಸ್ ಹೆಸರು ಕೊಟ್ಟು, ಲಿಂಕ್ ಅನ್ನೋ ಫೈಲ್‌ಗೆ 1 ಬರೆದರಾಯ್ತು.

ಮಾಡ್ಯೂಲ್ (ಕರ್ನಲ್‌ಗೆ ಹತ್ತಿಸೋ ಡ್ರೈವರ್ ಫೈಲ್) ಇಳಿಸೋವಾಗಿನ ಒಂದು ಗುಂಡಿ. ರಿಮೂವ್ ಫಂಕ್ಷನ್‌ನಲ್ಲಿ ಚಿಪ್ ಮಲಗಿಸೋಣ ಅಂತ ಎಲ್ಲರಿಗೂ ಅನ್ನಿಸುತ್ತೆ. ಆದ್ರೆ ಡೆವ್ಎಂ (ಕಳಚೋ ಕೆಲಸ ಕರ್ನಲ್ ತಾನೇ ನೋಡಿಕೊಳ್ಳೋ) ರೀತಿ ನೋಂದಾಯಿಸಿದ ದೀಪಗಳು ಕಳಚೋದು ರಿಮೂವ್ ಮುಗಿದ ಮೇಲೆ, ಕಳಚೋವಾಗ ಕರ್ನಲ್ ಪ್ರತಿ ದೀಪಕ್ಕೂ "ಆರು" ಅಂತ ಇನ್ನೊಮ್ಮೆ ಬರೆಯುತ್ತೆ. ಅಷ್ಟರಲ್ಲಿ ಚಿಪ್ ಮಲಗಿರುತ್ತೆ. ಮಲಗಿಸೋ ಕೆಲಸವನ್ನು ಡೆವ್ಎಂ-ಆಡ್-ಆ್ಯಕ್ಷನ್-ಆರ್-ರೀಸೆಟ್ ಮೂಲಕ, ದೀಪ ನೋಂದಾಯಿಸೋ ಮುಂಚೆಯೇ ಕೊಟ್ಟಿಡಿ. ಡೆವ್ಎಂ ಹಿಂದುಮುಂದಾಗಿ ಬಿಚ್ಚೋದ್ರಿಂದ ದೀಪಗಳು ಮೊದಲು, ಚಿಪ್ ಕೊನೆಗೆ. ರಿಮೂವ್ ಫಂಕ್ಷನ್ ಬರೆಯೋದೇ ಬೇಕಾಗಲ್ಲ.

ಡಿವೈಸ್ ಟ್ರೀ ಓವರ್‌ಲೇಯಲ್ಲಿ ಚಿಪ್‌ನ ನೋಡ್, ಅದರೊಳಗೆ ನಾಲ್ಕು ಮಕ್ಕಳ ನೋಡ್, 0ಯಿಂದ 3. ಚಿಪ್‌ಗೆ ಯಾವ ಡ್ರೈವರ್ ಅಂತ ಹೇಳೋ ಕಂಪ್ಯಾಟಿಬಲ್ ಹೆಸರು ನಿಮ್ಮದೇ ಇರಲಿ, ಕರ್ನಲ್‌ನಲ್ಲಿರೋ ಹೆಸರನ್ನೇ ಕೊಟ್ಟರೆ ಹಳೆಯ ಡ್ರೈವರ್ ಬಂದು ಚಿಪ್ ಹಿಡಿದುಕೊಳ್ಳಬಹುದು. ಲೇಬಲ್ ಅನ್ನೋ ಹಳೆಯ ಪದ್ಧತಿ ಬಿಡಿ. ಕಲರ್, ಫಂಕ್ಷನ್ ಎರಡು ಕೊಟ್ಟರೆ ದೀಪದ ಹೆಸರು ತಾನೇ ಹುಟ್ಟುತ್ತೆ. ಅದಕ್ಕೆ ನೋಂದಣಿ ಮಾಡೋವಾಗ ಇನಿಟ್-ಡೇಟಾದಲ್ಲಿ ಎಫ್‌ಡಬ್ಲ್ಯುನೋಡ್ (ಆ ದೀಪದ ನೋಡ್ ಕಡೆಗೆ ಪಾಯಿಂಟರ್) ತುಂಬಿರಬೇಕು, ಇಲ್ಲದಿದ್ರೆ ಡಿವೈಸ್ ಟ್ರೀಯಲ್ಲಿ ಬರೆದ ಬಣ್ಣವನ್ನು ಕರ್ನಲ್ ಕಣ್ಣೆತ್ತಿಯೂ ನೋಡಲ್ಲ. ಬಣ್ಣಕ್ಕೆ ಹೆಸರು ಬರೆದು ನೇರ ಡಿಟಿಸಿಗೆ (ಡಿವೈಸ್ ಟ್ರೀ ಕಂಪೈಲರ್) ಕೊಟ್ಟರೆ ಸಿಂಟ್ಯಾಕ್ಸ್ ಎರರ್. ಮೊದಲು ಸಿ ಪ್ರೀಪ್ರೊಸೆಸರ್‌ನಲ್ಲಿ ಹಾಯಿಸಿ, ಅಥವಾ ಸಂಖ್ಯೆಯನ್ನೇ ಬರೆಯಿರಿ: ಬಿಳಿ 0, ಕೆಂಪು 1, ಹಸಿರು 2, ನೀಲಿ 3.

ಬಿಲ್ಡ್ ಮಾಡೋಕೆ ಓಡ್ತಿರೋ ಕರ್ನಲ್‌ನದ್ದೇ ಹೆಡರ್ ಬೇಕು. ಕರ್ನಲ್ ಅಪ್‌ಗ್ರೇಡ್ ಆದ ದಿನ "ಇನ್ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್" ಅಂತಲೋ, ಮಾಡ್ಯೂಲೇ ಸಿಗಲಿಲ್ಲ ಅಂತಲೋ ದೀಪಗಳೆಲ್ಲ ಸುಮ್ಮನಾಗುತ್ತೆ. ಪಂಪ್ ಹೌಸ್ ತೋಟದ ಆ ತುದಿಯಲ್ಲಿದ್ರೆ ಇದಕ್ಕಾಗಿ ನಡೆದು ಹೋಗಬೇಕಾಗುತ್ತೆ, ಆದ್ದರಿಂದ ಮೊದಲೇ ಡಿಕೆಎಂಎಸ್‌ಗೆ ಸೇರಿಸಿ. ಹೊಸ ಕರ್ನಲ್ ಬಂದಾಗ ಮಾಡ್ಯೂಲ್ ತಾನೇ ಮತ್ತೆ ಬಿಲ್ಡ್ ಆಗುತ್ತೆ.

ಪರೀಕ್ಷೆ ಹೀಗೆ ಮಾಡಿ. ನಾಲ್ಕೂ ದೀಪಕ್ಕೆ ಟೈಮರ್ ಟ್ರಿಗರ್, ಆನ್ 50, ಆಫ್ 50 ಮಿಲಿಸೆಕೆಂಡ್. ಅದು ಓಡ್ತಿರೋವಾಗಲೇ ಮಾಡ್ಯೂಲ್ ಇಳಿಸಿ, ಹತ್ತಿಸಿ, ಲೂಪ್ ಹಾಕಿ. ಮಲಗಬಾರದ ಕಡೆ ಮಲಗಿದ್ರೆ ಎಚ್ಚರಿಸೋ ಡಿಬಗ್-ಅಟಾಮಿಕ್-ಸ್ಲೀಪ್ ಆನ್ ಮಾಡಿದ ಕರ್ನಲ್‌ನಲ್ಲಿ ಇದು ಸದ್ದಿಲ್ಲದೆ ನಡೆದ್ರೆ ಡ್ರೈವರ್ ಗಟ್ಟಿ ಅಂತ ನಂಬಬಹುದು. ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್‌ನಲ್ಲಿ) ಮೈನಸ್ 121 ಕಂಡ್ರೆ ಚಿಪ್ ಉತ್ತರ ಕೊಡ್ಲಿಲ್ಲ ಅಂತ ಅರ್ಥ. ಮೈನಸ್ 110 ಅಂದ್ರೆ ಟೈಮ್ ಔಟ್, ಬಸ್ ತಂತಿಯೇ ಎಲ್ಲೋ ಹಿಡಿದು ನಿಂತಿದೆ.

121 ಕಂಡಾಗ ಕೋಡ್ ತೆರೆಯೋ ಮುಂಚೆ ತಂತಿ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿನ ತೇವಕ್ಕೆ ಬ್ರೆಡ್‌ಬೋರ್ಡ್, ಜಂಪರ್ ವೈರ್ ಬಾಳಲ್ಲ, ಕಾಂಟ್ಯಾಕ್ಟ್ ಹಸಿರುಗಟ್ಟುತ್ತೆ. ಬೆಸುಗೆ ಹಾಕಿ, ಮೇಲೆ ಕಾನ್ಫಾರ್ಮಲ್ ಕೋಟಿಂಗ್ ಬಳಿಯಿರಿ, ಕೇಬಲ್ ಡಬ್ಬಿಯ ಕೆಳಗಿನಿಂದ ಒಳಗೆ ಬರಲಿ. ಬಸ್ ಮೇಲೆ ಒಟ್ಟು 400 ಪಿಕೋಫ್ಯಾರಡ್ ಮೀರಬಾರದು ಅಂತ ಐ2ಸಿ ನಿಯಮ, ಹಾಗಾಗಿ ಆ ಎರಡು ತಂತಿ ಡಬ್ಬಿಯಿಂದ ಹೊರಗೆ ಹೋಗೋದು ಬೇಡ. ದೀಪ ಕೆಲಸಗಾರರ ಲೈನ್ ಮನೆ ಕಡೆಯಿಂದ ಕಾಣಬೇಕು ಅಂದ್ರೆ ಚಿಪ್ ಒಳಗೇ ಇರಲಿ, ಎಲ್‌ಇಡಿಯ ತಂತಿ ಉದ್ದ ಮಾಡಿ. ಚಿಪ್‌ಗೆ ಬೇರೆ ಅಡಾಪ್ಟರ್‌ನಿಂದ ಕರೆಂಟ್ ಕೊಡಲೂಬೇಡಿ. ಕರೆಂಟ್ ಹೋಗಿ ಬಂದಾಗ ಚಿಪ್ ಒಂದೇ ರೀಸೆಟ್ ಆಗಿ ನಿದ್ದೆಗೆ ಜಾರುತ್ತೆ, ಪೈ ಮಾತ್ರ ಬ್ಯಾಟರಿ ಮೇಲೆ ಓಡ್ತಾ ಇರುತ್ತೆ, ಪ್ರೋಬ್ ಮತ್ತೆ ನಡೆಯಲ್ಲ. ಪೈನ 3.3 ವೋಲ್ಟ್‌ನಿಂದಲೇ ಕೊಟ್ಟರೆ ಎರಡೂ ಒಟ್ಟಿಗೆ ಬಿದ್ದು ಒಟ್ಟಿಗೆ ಏಳುತ್ತೆ.