ಅಳಿಸಿಹೋದದ್ದರ ದನಿ ಉಳಿಸಿದವರು

ಕೇಳುಗರೆಲ್ಲರಿಗೂ ನಮಸ್ಕಾರ.

ಅಭಿಮಾನಿಗಳು ಎಂದೊಡನೆ ಕಿವಿಗೆ ಮೊದಲು ಬಡಿಯುವುದು ಕೂಗು. 1965ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಇಂಗ್ಲೆಂಡಿನ ಬೀಟಲ್ಸ್ ಗಾಯಕ ತಂಡ ಹಾಡಿದಾಗ 55 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಆ ಅಬ್ಬರದಲ್ಲಿ ಹಾಡುವವರಿಗೇ ತಮ್ಮ ಹಾಡು ಸರಿಯಾಗಿ ಕೇಳಿಸುತ್ತಿರಲಿಲ್ಲ. ಮರುವರ್ಷ ಅವರು ಊರೂರು ತಿರುಗಿ ಹಾಡುವುದನ್ನೇ ಬಿಟ್ಟರು. ಕಾರಣಗಳು ಹಲವು, ಈ ಗದ್ದಲವೂ ಅವುಗಳಲ್ಲೊಂದು.

ಇವತ್ತು ನಾನು ಹೇಳಹೊರಟಿರುವುದು ಅದೇ ದಶಕದ ಬೇರೊಂದು ಬಗೆಯ ಅಭಿಮಾನಿಗಳ ವಿಷಯ. ಇವರು ಉಸಿರು ಬಿಗಿಹಿಡಿದು ಸುಮ್ಮನೆ ಕೂತಿದ್ದವರು.

1963ರ ನವೆಂಬರ್‌ನಲ್ಲಿ ಬಿಬಿಸಿ ಟಿವಿಯಲ್ಲಿ 'ಡಾಕ್ಟರ್ ಹೂ' ಎಂಬ ಧಾರಾವಾಹಿ ಶುರುವಾಯಿತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಪಯಣಿಸುವವನ ಕಥೆ. ಆಗ ವಿಡಿಯೊ ಟೇಪ್ ಬಲು ದುಬಾರಿ. ತೋರಿಸಿದ್ದನ್ನೇ ಮತ್ತೆ ಮತ್ತೆ ತೋರಿಸಲು ಕಲಾವಿದರೊಂದಿಗಿನ ಒಪ್ಪಂದ ಬಿಡುತ್ತಿರಲಿಲ್ಲ. ಬೇಕಾದಾಗ ಮನೆಯಲ್ಲೇ ಹಾಕಿಕೊಂಡು ನೋಡುವ ಕಾಲ ಬಂದೀತೆಂದು ಎಣಿಸಿದವರು ಕಡಿಮೆ. ಹಾಗಾಗಿ ಟೇಪುಗಳನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿದರು, ಫಿಲ್ಮ್ ಪ್ರತಿಗಳಲ್ಲೂ ಎಷ್ಟೋ ಕಸಕ್ಕೆ ಹೋದವು. ಅರವತ್ತರ ದಶಕದ ಸುಮಾರು ನೂರು ಕಂತುಗಳ ಪೂರ್ತಿ ಚಿತ್ರ ಹೀಗೆ ಕಾಣೆಯಾಯಿತು.

ಚಿತ್ರ ಹೋಯಿತು, ದನಿ ಹೋಗಲಿಲ್ಲ. ಕಾಣೆಯಾದ ಒಂದೊಂದು ಕಂತಿನ ಧ್ವನಿಯೂ ಇವತ್ತಿಗೂ ಇದೆ. ಉಳಿಸಿದವರು ಮನೆಯಲ್ಲಿ ಕೂತು ನೋಡುತ್ತಿದ್ದ ಅಭಿಮಾನಿಗಳು. ಅವರಲ್ಲಿ ಕೆಲವರು ಇನ್ನೂ ಶಾಲೆಗೆ ಹೋಗುವ ಹುಡುಗರು! ಟಿವಿಯ ಸ್ಪೀಕರ್ ಎದುರು ಮೈಕ್ ಇಟ್ಟು, ದೊಡ್ಡ ಸುರುಳಿಯ ಟೇಪ್ ರೆಕಾರ್ಡರ್ ಚಾಲೂ ಮಾಡಿ ಕೂತವರನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಯಾರಾದರೂ ಕೆಮ್ಮಿದರೆ ಆ ಕೆಮ್ಮೂ ಟೇಪಿಗೆ ಸೇರುತ್ತದೆ. ಬಾಗಿಲು ಕಿರ್ರೆಂದರೆ ಅದೂ ಸೇರುತ್ತದೆ. ಕಂತು ಮುಗಿಯುವ ಮೊದಲೇ ಸುರುಳಿ ಮುಗಿದೀತೇ ಎಂಬ ಆತಂಕ ಬೇರೆ. ಕೈಕೆಲಸ ಬಲ್ಲವರು ಟಿವಿಯ ಒಳಗಿನಿಂದಲೇ ವೈರ್ ಎಳೆದುಕೊಂಡರು, ಅವರ ಟೇಪುಗಳಲ್ಲಿ ದನಿ ತಿಳಿಯಾಗಿದೆ. 2006ರಲ್ಲಿ 'ದಿ ಇನ್ವೇಷನ್' ಎಂಬ ಕಥೆಯ ಕಾಣೆಯಾದ ಎರಡು ಕಂತುಗಳನ್ನು ಅನಿಮೇಷನ್‌ನಲ್ಲಿ ಮತ್ತೆ ಕಟ್ಟಿದಾಗ, ಆ ಬೊಂಬೆಗಳ ಬಾಯಿಗೆ ಮಾತು ಬಂದದ್ದು ಮನೆಯ ಟೇಪಿನಿಂದ.

ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ಸಂಗೀತ ತಂಡದ ಅಭಿಮಾನಿಗಳೂ ಹೀಗೆಯೇ. ಒಂದು ಸಂಗೀತ ಕಛೇರಿಯಿಂದ ಇನ್ನೊಂದಕ್ಕೆ ರೆಕಾರ್ಡರ್ ಹೊತ್ತು ತಿರುಗಿದರು. 1984ರಲ್ಲಿ ತಂಡವೇ ಅವರಿಗೆಂದು ಬೇರೆ ಜಾಗ ಮಾಡಿಕೊಟ್ಟಿತು. ಟೇಪುಗಳನ್ನು ಮಾರುವಂತಿಲ್ಲ, ಹಂಚಿಕೊಳ್ಳಬಹುದು, ಅಷ್ಟೆ.

ಇಂಗ್ಲಿಷಿನ 'ಫ್ಯಾನ್' ಪದದ ಮೂಲ 'ಫೆನಟಿಕ್', ಅಂದರೆ ಹುಚ್ಚು ಆವೇಶದವನು. ನಮ್ಮ ಅಭಿಮಾನದಲ್ಲಿ 'ಇದು ನನ್ನದು' ಎಂಬ ಭಾವವಿದೆ. ನನ್ನದು ಎಂದಮೇಲೆ ನಾನು ಹೇಳಿದಂತೆಯೇ ಇರಬೇಕು ಎಂದು ಹಠ ಹಿಡಿದು ಕಲಾವಿದರನ್ನು ಪೀಡಿಸಿದವರಿದ್ದಾರೆ, ಇನ್ನೊಬ್ಬರ ಅಭಿಮಾನಿಗಳ ಮೇಲೆ ಕೈಮಾಡಿದವರೂ ಇದ್ದಾರೆ. ನೆನೆದರೆ ಸಂಕಟವಾಗುತ್ತದೆ. ನನ್ನದು ಎಂದಮೇಲೆ ನಾನೇ ಕಾಯಬೇಕು ಎಂದುಕೊಂಡವರ ಹೆಸರು ಮಾತ್ರ ಸುದ್ದಿಯಲ್ಲಿ ಬರುವುದು ಅಪರೂಪ. ನನಗೆ ಪ್ರೀತಿ ಇರುವುದು ಇವರ ಮೇಲೆ.

ನನ್ನ ಬಳಿಯೂ ಒಂದು ಹಳೆಯ ಕ್ಯಾಸೆಟ್ ಇದೆ. ಮೆಚ್ಚಿನ ಗಾಯಕರ ಹಾಡನ್ನು ರೇಡಿಯೊದಿಂದಲೇ ರೆಕಾರ್ಡ್ ಮಾಡಿಕೊಂಡದ್ದು. ಗುಂಡಿ ಒತ್ತುವುದು ತುಸು ಬೇಗವಾಗಿ, ಪಲ್ಲವಿಗೆ ಮೊದಲು ಉದ್ಘೋಷಕಿಯ 'ಈಗ ಕೇಳಿ' ಎಂಬ ಎರಡು ಮಾತು ಸೇರಿಕೊಂಡಿತ್ತು. ಅದೇ ಹಾಡು ಈಗ ಎಲ್ಲೆಂದರಲ್ಲಿ ಸ್ವಚ್ಛವಾಗಿ ಸಿಗುತ್ತದೆ. ಆದರೂ ಹಾಡು ಶುರುವಾಗುವ ಆ ಒಂದು ಕ್ಷಣ ಮುಂಚೆ ನನ್ನ ಕಿವಿ ಆ ಉದ್ಘೋಷಕಿಯ ದನಿಗಾಗಿ ಕಾಯುತ್ತದೆ.

ನಮಸ್ಕಾರ.